ಉಕ್ಕಿನ ಕೊಳವೆಗಳ ಜೋಡಣೆ: ಸೈಕಲ್ ಚೌಕಟ್ಟು ಕಲಿಸುವ ಲೆಕ್ಕ

ಯಾದಗಿರಿ ತಾಲ್ಲೂಕಿನ ಹತ್ತಿಕುಣಿಯಂತಹ ಊರುಗಳಲ್ಲಿ ಸೈಕಲ್ಲು ಇಂದಿಗೂ ದುಡಿಯುವ ವಾಹನವಾಗಿದೆ. ಅದು ಶಾಲೆಗೆ ಹೋಗುವ ಮಕ್ಕಳನ್ನು ಹೊರುತ್ತದೆ, ಹಾಲಿನ ಕ್ಯಾನನ್ನು ಹೊರುತ್ತದೆ, ಹೊಲಕ್ಕೆ ಗೊಬ್ಬರದ ಚೀಲವನ್ನೂ ಹೊರುತ್ತದೆ. ಕರ್ನಾಟಕ ಸರ್ಕಾರವು 2006-07ನೇ ಸಾಲಿನಲ್ಲಿ ಎಂಟನೇ ತರಗತಿಯ ವಿದ್ಯಾರ್ಥಿನಿಯರಿಗೆ ಉಚಿತ ಸೈಕಲ್ ನೀಡುವ ಯೋಜನೆಯನ್ನು ಆರಂಭಿಸಿ, ನಂತರ ಅದನ್ನು ಬಾಲಕರಿಗೂ ವಿಸ್ತರಿಸಿತು. 2020-21ರಲ್ಲಿ ಕೋವಿಡ್ ಕಾರಣದಿಂದ ಯೋಜನೆ ನಿಲ್ಲುವವರೆಗೆ ರಾಜ್ಯದ ಹಳ್ಳಿಗಳಿಗೆ ಲಕ್ಷಾಂತರ ಸೈಕಲ್ಲುಗಳು ಬಂದವು. ಅವುಗಳ ಚೌಕಟ್ಟುಗಳು ತಯಾರಾದುದು ದೂರದ ಕಾರ್ಖಾನೆಗಳಲ್ಲಿ. ಮುರಿದಾಗ ಅವು ಬಂದು ನಿಂತುದು ಊರಿನ ವೆಲ್ಡಿಂಗ್ ಅಂಗಡಿಯ ಮುಂದೆ.

ಸೈಕಲ್ಲಿನ ಚೌಕಟ್ಟು ಮುರಿಯುವಾಗ ಕೊಳವೆಯ ನಟ್ಟನಡುವೆ ಮುರಿಯುವುದು ಅಪರೂಪ. ಎರಡು ಕೊಳವೆಗಳು ಕೂಡುವ ಸಂದಿನಲ್ಲಿ, ಇಲ್ಲವೇ ಸಂದಿಗೆ ತಾಗಿದ ಒಂದೆರಡು ಅಂಗುಲದೊಳಗೆ ಬಿರುಕು ಕಾಣಿಸಿಕೊಳ್ಳುತ್ತದೆ. ಆ ಸಂದನ್ನು ಯಾವ ವಿಧಾನದಿಂದ ಜೋಡಿಸಲಾಗಿದೆ ಎಂಬುದರ ಮೇಲೆ ಸವಾರನ ಸುರಕ್ಷತೆ, ತಯಾರಕನ ವೆಚ್ಚ, ವರ್ತಕನ ಹೊಣೆ ಹಾಗೂ ದುರಸ್ತಿಗಾರನ ಗಳಿಕೆ ಇವೆಲ್ಲವೂ ನಿಂತಿವೆ. ಈ ಮಾತು ಸೈಕಲ್ಲಿಗೆ ಮಾತ್ರ ಸೀಮಿತವಲ್ಲ. ತಳ್ಳುಗಾಡಿ, ಅಂಗವಿಕಲರ ತ್ರಿಚಕ್ರ ಗಾಡಿ, ಸೈಕಲ್ ಎಡೆಕುಂಟೆ, ಶಾಲೆಯ ಬೆಂಚು, ಆಸ್ಪತ್ರೆಯ ಮಂಚ ಮೊದಲಾದ ಕೊಳವೆಯಿಂದಾಗುವ ಪ್ರತಿಯೊಂದು ವಸ್ತುವಿಗೂ ಇದು ಅನ್ವಯಿಸುತ್ತದೆ. ಆದುದರಿಂದ ಸಣ್ಣ ಉದ್ದಿಮೆದಾರರು ಬೆಸುಗೆ ಯಂತ್ರವನ್ನು ಕೊಳ್ಳುವ ಮುನ್ನ ಜೋಡಣೆಯ ವಿಧಾನಗಳನ್ನೂ ಅವುಗಳ ಲೆಕ್ಕವನ್ನೂ ಒಟ್ಟಿಗೆ ಪರಿಶೀಲಿಸುವುದು ಅವಶ್ಯ.

ಚೌಕಟ್ಟಿನ ರಚನೆ

ಇಂದಿನ ಸೈಕಲ್ಲಿನ ರೂಪವು 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಹೊರತಂದ ‘ರೋವರ್’ ಸೈಕಲ್ಲಿನಿಂದ ಬೆಳೆದು ಬಂದುದು. ಕೆಲವೇ ವರ್ಷಗಳಲ್ಲಿ ಚೌಕಟ್ಟು ವಜ್ರಾಕೃತಿಗೆ ಬಂದು ನೆಲೆಗೊಂಡಿತು. ಮೇಲಿನ ಅಡ್ಡ ಕೊಳವೆ, ಕೆಳಗಿನ ಓರೆ ಕೊಳವೆ, ಸೀಟಿನ ಕೊಳವೆ, ಹ್ಯಾಂಡಲ್ ನಿಲ್ಲುವ ಹೆಡ್ ಕೊಳವೆ, ಹಿಂದಿನ ಚಕ್ರವನ್ನು ಹಿಡಿಯುವ ಎರಡು ಜೊತೆ ಸಣ್ಣ ಕೊಳವೆಗಳು, ಹೀಗೆ ಒಟ್ಟು ಎಂಟು ಕೊಳವೆಗಳು ಸುಮಾರು ಒಂದು ಡಜನ್ ಸಂದುಗಳಲ್ಲಿ ಕೂಡುತ್ತವೆ. ಪೆಡಲಿನ ಅಚ್ಚು ಕೂರುವ ಬಾಟಮ್ ಬ್ರಾಕೆಟ್ ಒಂದರಲ್ಲಿಯೇ ನಾಲ್ಕು ಕೊಳವೆಗಳು ಬಂದು ಸೇರುತ್ತವೆ.

ಭಾರತದಲ್ಲಿ ಈ ಉದ್ಯಮ ಬೇರೂರಿದ್ದು ಸ್ವಾತಂತ್ರ್ಯಾನಂತರ. 1949ರಲ್ಲಿ ಮದ್ರಾಸಿನಲ್ಲಿ ಟಿ.ಐ. ಸೈಕಲ್ಸ್, 1956ರಲ್ಲಿ ಲುಧಿಯಾನದಲ್ಲಿ ಹೀರೊ ಸೈಕಲ್ಸ್ ಸ್ಥಾಪನೆಯಾದವು. ಕೊಳವೆಗಾಗಿಯೇ 1955ರಲ್ಲಿ ಆವಡಿಯಲ್ಲಿ ಟ್ಯೂಬ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ಆರಂಭವಾಯಿತು. ಸಾಮಾನ್ಯ ಸೈಕಲ್ಲಿನ ಕೊಳವೆಯನ್ನು ಉಕ್ಕಿನ ಪಟ್ಟಿಯನ್ನು ಸುರುಳಿಯಾಗಿ ಮಡಿಸಿ ಅದರ ಉದ್ದದ ಅಂಚುಗಳನ್ನು ವಿದ್ಯುತ್ತಿನಿಂದ ಬೆಸೆದು ತಯಾರಿಸಲಾಗುತ್ತದೆ. ಇದನ್ನೇ ಮಾರುಕಟ್ಟೆಯಲ್ಲಿ ‘ಇ.ಆರ್.ಡಬ್ಲ್ಯು. ಪೈಪು’ ಎನ್ನುತ್ತಾರೆ. ಅದರ ಗೋಡೆಯ ದಪ್ಪ ಸಾಮಾನ್ಯವಾಗಿ 18 ಗೇಜಿನಿಂದ 16 ಗೇಜಿನವರೆಗೆ, ಅಂದರೆ ಸುಮಾರು 1.2 ಮಿಲಿಮೀಟರಿನಿಂದ 1.6 ಮಿಲಿಮೀಟರಿನವರೆಗೆ ಇರುತ್ತದೆ. ಪಂದ್ಯದ ಸೈಕಲ್ಲುಗಳಿಗೆ ಬಳಸುವ ಮಿಶ್ರಲೋಹದ ಕೊಳವೆಗಳ ಗೋಡೆ ನಡುಭಾಗದಲ್ಲಿ 0.6 ಮಿಲಿಮೀಟರಿನಷ್ಟು ತೆಳುವಾಗಿಯೂ ಇರಬಹುದು. ಬೆಸುಗೆಯ ವಿಧಾನವನ್ನು ಮೊದಲು ನಿರ್ಧರಿಸುವುದು ಈ ದಪ್ಪವೇ.

ಲಗ್ ಮತ್ತು ಹಿತ್ತಾಳೆ ಬೆಸುಗೆ

ಹಳೆಯ ಕರಿಬಣ್ಣದ ದೊಡ್ಡ ಸೈಕಲ್ಲಿನ ಮೂಲೆಗಳಲ್ಲಿ ಕೊಳವೆಯ ಮೇಲೆ ಹೊದಿಸಿದಂತೆ ಕಾಣುವ ಉಕ್ಕಿನ ತೋಳುಗಳಿರುತ್ತವೆ. ಅವುಗಳಿಗೆ ‘ಲಗ್’ ಎಂದು ಹೆಸರು. ಕೊಳವೆಯ ತುದಿಯನ್ನು ಲಗ್ಗಿನೊಳಕ್ಕೆ ತೂರಿಸಿ, ಎರಡರ ನಡುವಿನ ಕೂದಲೆಳೆಯಷ್ಟು ಸಂದಿನೊಳಗೆ ಕರಗಿದ ಹಿತ್ತಾಳೆಯನ್ನು ಹರಿಸಲಾಗುತ್ತದೆ. ಇದೇ ಬ್ರೇಜಿಂಗ್. ಇಲ್ಲಿ ಉಕ್ಕು ಕರಗುವುದಿಲ್ಲ. ಉಕ್ಕು ಕರಗಲು ಸುಮಾರು 1500 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆ ಬೇಕು. ಹಿತ್ತಾಳೆ ಕಡ್ಡಿಗೆ 900 ಡಿಗ್ರಿಯ ಆಸುಪಾಸು ಸಾಕು. ಹಣತೆಯ ಬತ್ತಿ ಎಣ್ಣೆಯನ್ನು ಹೀರಿಕೊಳ್ಳುವಂತೆ ಕಾದ ಸಂದು ಹಿತ್ತಾಳೆಯನ್ನು ತನ್ನೊಳಕ್ಕೆ ಸೆಳೆದುಕೊಳ್ಳುತ್ತದೆ. ಹೀಗೆ ಸೆಳೆಯಬೇಕಾದರೆ ಲೋಹದ ಮೇಲೆ ತುಕ್ಕು, ಎಣ್ಣೆ, ಬಣ್ಣ ಯಾವುದೂ ಇರಕೂಡದು. ಬಿಸಿಯಲ್ಲಿ ಹೊಸ ತುಕ್ಕು ಕಟ್ಟದಂತೆ ಬಿಳಿಗಾರ ಬೆರೆತ ಫ್ಲಕ್ಸ್ ಪುಡಿಯನ್ನು ಬಳಸಲಾಗುತ್ತದೆ.

ಹಿತ್ತಾಳೆ ಉಕ್ಕಿಗಿಂತ ಮೃದುವಾದ ಲೋಹ. ಹೀಗಿದ್ದೂ ಸಂದು ಗಟ್ಟಿಯಾಗಿರುವುದು ಹೇಗೆ ಎಂಬ ಪ್ರಶ್ನೆ ಸಹಜ. ಇದಕ್ಕೆ ಸರಳ ಗಣಿತವೇ ಉತ್ತರ ನೀಡುತ್ತದೆ. 28.6 ಮಿಲಿಮೀಟರ್ ಹೊರವ್ಯಾಸದ, 1.2 ಮಿಲಿಮೀಟರ್ ದಪ್ಪದ ಕೊಳವೆಯನ್ನು ಅಡ್ಡಲಾಗಿ ಕತ್ತರಿಸಿದರೆ ದೊರೆಯುವ ಉಕ್ಕಿನ ವಿಸ್ತೀರ್ಣ ಸುಮಾರು 103 ಚದರ ಮಿಲಿಮೀಟರ್. ಅದೇ ಕೊಳವೆ ಲಗ್ಗಿನೊಳಗೆ 25 ಮಿಲಿಮೀಟರಿನಷ್ಟು ಕುಳಿತರೆ ಹಿತ್ತಾಳೆ ಹಿಡಿದಿರುವ ಮೇಲ್ಮೈ ಸುಮಾರು 2246 ಚದರ ಮಿಲಿಮೀಟರ್. ಅಂದರೆ ಕೊಳವೆಯ ಅಡ್ಡಕೊಯ್ತಕ್ಕಿಂತ ಇಪ್ಪತ್ತೊಂದು ಪಟ್ಟಿಗೂ ಹೆಚ್ಚು. ಮೃದುವಾದ ಲೋಹವೂ ಅಷ್ಟು ವಿಸ್ತಾರವಾದ ಜಾಗದಲ್ಲಿ ಹರಡಿದಾಗ ಭಾರವನ್ನು ಹಂಚಿಕೊಂಡು ಹೊರುತ್ತದೆ. ಆದರೆ ಹಿತ್ತಾಳೆ ಅಂಚಿನಲ್ಲಿ ಮಾತ್ರ ನಿಂತು ಒಳಕ್ಕೆ ಹರಿಯದಿದ್ದರೆ ಈ ಗಣಿತವೆಲ್ಲ ಸುಳ್ಳಾಗುತ್ತದೆ. ಹೊರಗಿನಿಂದ ನೋಡಿದವರಿಗೆ ಸಂದು ಅಂದವಾಗಿಯೇ ಕಾಣುತ್ತದೆ. ಅದಕ್ಕಾಗಿಯೇ ತಯಾರಕರು ಆಗಿಂದಾಗ್ಗೆ ಒಂದು ಸಂದನ್ನು ಗರಗಸದಿಂದ ಸೀಳಿ ಒಳಗೆ ಹಿತ್ತಾಳೆ ತುಂಬಿದೆಯೇ ಎಂದು ಪರೀಕ್ಷಿಸಬೇಕು. ಒಂದು ಚೌಕಟ್ಟಿನ ನಷ್ಟ, ನೂರು ಚೌಕಟ್ಟುಗಳ ಭರವಸೆಗೆ ತೆತ್ತ ಬೆಲೆ.

ಹಿತ್ತಾಳೆಯ ಬದಲು ಬೆಳ್ಳಿ ಬೆರೆತ ಕಡ್ಡಿಯನ್ನು ಬಳಸಿದರೆ 620ರಿಂದ 700 ಡಿಗ್ರಿಯೊಳಗೆ ಕೆಲಸ ಮುಗಿಯುತ್ತದೆ. ತೆಳುವಾದ, ಬೆಲೆಬಾಳುವ ಕೊಳವೆಗೆ ಕಡಿಮೆ ಉಷ್ಣತೆ ಹಿತಕರ. ಇಂಗ್ಲೆಂಡಿನ ರೆನಾಲ್ಡ್ಸ್ ಕಂಪನಿ 1935ರಲ್ಲಿ ಹೊರತಂದ ‘531’ ಎಂಬ ಪ್ರಸಿದ್ಧ ಕೊಳವೆಯು ಬ್ರೇಜಿಂಗಿಗೆಂದೇ ರೂಪುಗೊಂಡಿತ್ತು. ಅದನ್ನು ಕರಗಿಸಿ ಬೆಸೆಯುವುದು ಉಚಿತವೆನಿಸಿರಲಿಲ್ಲ. ಆದರೆ ಬೆಳ್ಳಿಯ ಕಡ್ಡಿಯ ದರ ಬೆಳ್ಳಿಪೇಟೆಯ ಏರಿಳಿತವನ್ನು ಹಿಂಬಾಲಿಸುತ್ತದೆ ಹಾಗೂ ಸಂದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಸಡಿಲವಾಗಿದ್ದರೆ ಬೆಳ್ಳಿ ಅದನ್ನು ತುಂಬಲಾರದು. ಸಾಮಾನ್ಯ ಸೈಕಲ್ಲಿಗೆ ಇದು ಹೊರಲಾರದ ವೆಚ್ಚ.

ಲಗ್ ಇಲ್ಲದ ಬ್ರೇಜಿಂಗ್

ಲಗ್ಗುಗಳು ನಿರ್ದಿಷ್ಟ ಕೋನಕ್ಕೆ, ನಿರ್ದಿಷ್ಟ ವ್ಯಾಸಕ್ಕೆ ಮಾತ್ರ ದೊರೆಯುತ್ತವೆ. ಹೊಸ ಆಕಾರದ ಗಾಡಿಯನ್ನು ತಯಾರಿಸುವವರು ಒಂದು ಕೊಳವೆಯ ತುದಿಯನ್ನು ಅರ್ಧಚಂದ್ರಾಕಾರವಾಗಿ ಅರೆದು ಇನ್ನೊಂದರ ಮೈಗೆ ಸರಿಯಾಗಿ ಕೂರಿಸಿ, ಸಂದಿನ ಸುತ್ತ ಹಿತ್ತಾಳೆಯ ದಪ್ಪ ಅಂಚನ್ನು ಕಟ್ಟುತ್ತಾರೆ. ಇದರಿಂದ ಯಾವ ಕೋನದಲ್ಲಿ ಬೇಕಾದರೂ ಕೊಳವೆಗಳನ್ನು ಕೂಡಿಸಬಹುದು. ಅಚ್ಚು, ಎರಕ ಯಾವುದರ ಬಂಡವಾಳವೂ ಬೇಡ. ಆದರೆ ಹಿತ್ತಾಳೆ ಹೆಚ್ಚು ಬೇಕು, ಸಮಯ ಹೆಚ್ಚು ಬೇಕು, ನುರಿತ ಕೈ ಬೇಕು. ತಿಂಗಳಿಗೆ ಬೆರಳೆಣಿಕೆಯ ವಿಶೇಷ ಗಾಡಿಗಳನ್ನು, ಉದಾಹರಣೆಗೆ ಒಬ್ಬೊಬ್ಬರ ಅಳತೆಗೆ ತಕ್ಕ ತ್ರಿಚಕ್ರ ಗಾಡಿಗಳನ್ನು ತಯಾರಿಸುವ ಘಟಕಕ್ಕೆ ಇದು ಒಪ್ಪುವ ವಿಧಾನ.

ಮಿಗ್ ಮತ್ತು ಸಿಒಟು ಬೆಸುಗೆ

ಲಗ್ಗಿನ ಖರ್ಚನ್ನೂ ಬ್ರೇಜಿಂಗಿನ ಸಮಯವನ್ನೂ ಉಳಿಸುವ ಸಲುವಾಗಿ ದೊಡ್ಡ ಕಾರ್ಖಾನೆಗಳು ಹೊಸ ಮಾದರಿಯ ಸೈಕಲ್ಲುಗಳಿಗೆ ವಿದ್ಯುತ್ ಬೆಸುಗೆಯತ್ತ ಹೊರಳಿದವು. ಮಿಗ್ ವಿಧಾನದಲ್ಲಿ ಯಂತ್ರವು ತೆಳುವಾದ ತಂತಿಯನ್ನು ಎಡೆಬಿಡದೆ ಮುಂದಕ್ಕೆ ತಳ್ಳುತ್ತದೆ. ತಂತಿಯ ತುದಿಯಲ್ಲಿ ಕಿಡಿ ಹತ್ತಿ ತಂತಿಯೂ ಕೊಳವೆಯೂ ಕರಗಿ ಒಂದಾಗುತ್ತವೆ. ಗಾಳಿ ತಾಗದಂತೆ ಇಂಗಾಲದ ಡೈಆಕ್ಸೈಡ್ ಅಥವಾ ಆರ್ಗಾನ್ ಮಿಶ್ರಿತ ಅನಿಲವು ಹೊದಿಕೆಯಾಗಿ ಹರಿಯುತ್ತದೆ. ಬರೀ ಇಂಗಾಲದ ಡೈಆಕ್ಸೈಡ್ ಬಳಸಿದಾಗ ಕಾರ್ಖಾನೆಗಳ ಮಾತಿನಲ್ಲಿ ಇದು ‘ಸಿಒಟು ವೆಲ್ಡಿಂಗ್’.

ವೇಗ ಇದರ ದೊಡ್ಡ ಗುಣ. ಕೆಲಸಗಾರ ಕೆಲವೇ ವಾರಗಳಲ್ಲಿ ಪಳಗುತ್ತಾನೆ. ಫ್ಲಕ್ಸ್ ತೊಳೆಯುವ ತೊಂದರೆಯಿಲ್ಲ. ಆದರೆ ತೆಳು ಕೊಳವೆಯ ಮೇಲೆ ವಿದ್ಯುತ್ ಹೆಚ್ಚಾದರೆ ತೂತು ಬೀಳುತ್ತದೆ. ಕಡಿಮೆಯಾದರೆ ತಂತಿಯ ಲೋಹ ಮೇಲೆ ಗಂಟುಕಟ್ಟಿ ನಿಲ್ಲುತ್ತದೆಯೇ ಹೊರತು ಕೊಳವೆಯೊಳಗೆ ಇಳಿಯುವುದಿಲ್ಲ. ಇಂತಹ ಗಂಟು ನೋಡಲು ದಪ್ಪಗಿದ್ದು ಭರವಸೆ ಹುಟ್ಟಿಸುತ್ತದೆ. ಮಗುವೊಂದು ಹಿಂದೆ ಗೆಳತಿಯನ್ನು ಕೂರಿಸಿಕೊಂಡು ಇಳಿಜಾರಿನಲ್ಲಿ ಬ್ರೇಕು ಹಿಡಿದಾಗಲೇ ಅದರ ನಿಜ ಬೆಲೆ ತಿಳಿಯುವುದು. ತೆಳು ಕೊಳವೆಗೆ 0.8 ಮಿಲಿಮೀಟರಿನ ತಂತಿ ಮತ್ತು ಆರ್ಗಾನ್ ಮಿಶ್ರಿತ ಅನಿಲ ಹೆಚ್ಚು ಸೂಕ್ತ. ಬೆಸುಗೆ ಹಾಕುವ ಜಾಗದಲ್ಲಿ ಫ್ಯಾನಿನ ಗಾಳಿ ನೇರವಾಗಿ ಬೀಸಕೂಡದು. ಏಪ್ರಿಲ್-ಮೇ ತಿಂಗಳ ಬಿಸಿಲಿನಲ್ಲಿ ಯಾದಗಿರಿಯ ಶೆಡ್ಡುಗಳಲ್ಲಿ ಈ ನಿಯಮವನ್ನು ಪಾಲಿಸುವುದು ಕಷ್ಟವೇ ಆದರೂ, ಅನಿಲದ ಹೊದಿಕೆ ಚದುರಿದರೆ ಬೆಸುಗೆಯೊಳಗೆ ಗುಳ್ಳೆಗಳಾಗುವುದು ನಿಶ್ಚಿತ.

ಟಿಗ್ ಬೆಸುಗೆ

ಟಿಗ್ ವಿಧಾನದಲ್ಲಿ ಟಂಗ್‌ಸ್ಟನ್ ಕಡ್ಡಿಯಿಂದ ಕಿಡಿ ಹೊರಡುತ್ತದೆ, ಆದರೆ ಆ ಕಡ್ಡಿ ಕರಗುವುದಿಲ್ಲ. ತುಂಬುವ ಲೋಹವನ್ನು ಕೆಲಸಗಾರ ಇನ್ನೊಂದು ಕೈಯಿಂದ ಕೊಡುತ್ತಾನೆ. ಶುದ್ಧ ಆರ್ಗಾನ್ ಅನಿಲ ಬೇಕು. ಶಾಖ ಬಹು ಕಿರಿದಾದ ಜಾಗದಲ್ಲಿ ನಿಲ್ಲುವುದರಿಂದ ಕ್ರೋಮಿಯಂ-ಮಾಲಿಬ್ಡಿನಂ ಬೆರೆತ ತೆಳು ಉಕ್ಕಿಗೆ ಇದು ಅತ್ಯುತ್ತಮ. ಬೆಟ್ಟ ಹತ್ತುವ ಸೈಕಲ್ಲುಗಳು ಜನಪ್ರಿಯವಾದ 1980ರ ದಶಕದಿಂದ ಈ ವಿಧಾನ ಜಗತ್ತಿನೆಲ್ಲೆಡೆ ಹರಡಿತು. ಬೆಸುಗೆಯ ನಂತರ ಗಾಳಿಯಲ್ಲಿ ತಣಿಯುತ್ತಲೇ ಗಟ್ಟಿಯಾಗುವ ಉಕ್ಕನ್ನೂ ಕೊಳವೆ ತಯಾರಕರು ಮುಂದೆ ರೂಪಿಸಿದರು.

ಟಿಗ್ ನಿಧಾನವಾದುದು; ನುರಿತವನ ಕೂಲಿಯೂ ಹೆಚ್ಚು. ಸಾಧಾರಣ ಇ.ಆರ್.ಡಬ್ಲ್ಯು. ಕೊಳವೆಯ ತಳ್ಳುಗಾಡಿಗೆ ಟಿಗ್ ಯಂತ್ರ ಕೊಳ್ಳುವುದು ಜೋಳ ಅಳೆಯಲು ಚಿನ್ನದ ತಕ್ಕಡಿ ತಂದಂತೆ. ಕೊಳವೆಯ ದರ್ಜೆ ಏರಿದಾಗ, ಸ್ಟೇನ್‌ಲೆಸ್ ಉಕ್ಕಿನ ಆಸ್ಪತ್ರೆ ಸಾಮಗ್ರಿಯಂತಹ ಬೇಡಿಕೆ ನಿರಂತರವಾಗಿ ಬಂದಾಗ ಮಾತ್ರ ಆ ಹೂಡಿಕೆ ಸಮರ್ಥನೀಯ.

ಯಾವ ವಿಧಾನವಾದರೂ ಚೌಕಟ್ಟು ನೇರವಾಗಿರಬೇಕು. ಒಂದೇ ಬದಿಯಿಂದ ಬೆಸೆಯುತ್ತ ಹೋದರೆ ಲೋಹ ತಣಿಯುವಾಗ ಆ ಬದಿಗೆ ಎಳೆಯುತ್ತದೆ. ಕೊಳವೆಗಳನ್ನು ಜಿಗ್ಗಿನಲ್ಲಿ ಬಿಗಿದು, ಮೊದಲು ಅಲ್ಲಲ್ಲಿ ಚುಕ್ಕಿ ಬೆಸುಗೆ ಹಾಕಿ, ನಂತರ ಎದುರುಬದುರಾಗಿ ಸಂದನ್ನು ಮುಗಿಸುವುದು ಕ್ರಮ. ಹಿಂಚಕ್ರದ ಅಚ್ಚು ಕೂರುವ ಒಂದು ತುದಿಯಿಂದ ದಾರವನ್ನು ಹೆಡ್ ಕೊಳವೆಯ ಸುತ್ತ ತಂದು ಇನ್ನೊಂದು ತುದಿಗೆ ಬಿಗಿದು, ಸೀಟಿನ ಕೊಳವೆಯಿಂದ ಎರಡೂ ಬದಿಯ ಅಂತರವನ್ನು ಅಳೆದರೆ ಚೌಕಟ್ಟು ಸೊಟ್ಟಗಿದೆಯೇ ಎಂಬುದು ತಿಳಿಯುತ್ತದೆ. ಗೌಂಡಿಯ ದಾರದಷ್ಟೇ ಅಗ್ಗದ ಈ ಪರೀಕ್ಷೆಯನ್ನು ಬಣ್ಣ ಹಚ್ಚುವ ಮೊದಲೇ ಮಾಡಬೇಕು.

ದುರಸ್ತಿ ಅಂಗಡಿಯ ಹೊಣೆ

ನೇಗಿಲು, ಕುಂಟೆ, ಟ್ರ್ಯಾಕ್ಟರ್ ಟ್ರೇಲರುಗಳ ದುರಸ್ತಿಯಲ್ಲಿ ನಮ್ಮ ಭಾಗದ ವೆಲ್ಡಿಂಗ್ ಅಂಗಡಿಗಳ ಅನುಭವ ದೊಡ್ಡದು. ಆದರೆ ಟ್ರೇಲರಿನ ದಪ್ಪ ಕಬ್ಬಿಣಕ್ಕೆ ಒಗ್ಗಿದ ಆರ್ಕ್ ರಾಡು ಸೈಕಲ್ಲಿನ ತೆಳು ಕೊಳವೆಗೆ ಒಗ್ಗುವುದಿಲ್ಲ. ಈ ಕೆಳಗಿನ ಅಂಶಗಳನ್ನು ಪ್ರತಿ ಅಂಗಡಿಯೂ ನೆನಪಿನಲ್ಲಿಡುವುದು ಒಳಿತು.

ಮೊದಲನೆಯದಾಗಿ, ಹಿತ್ತಾಳೆಯಿಂದ ಜೋಡಿಸಿದ ಸಂದಿನ ಮೇಲೆ ಆರ್ಕ್, ಮಿಗ್ ಅಥವಾ ಟಿಗ್ ಬೆಸುಗೆಯನ್ನು ಹಾಕಕೂಡದು. ಕರಗಿದ ಹಿತ್ತಾಳೆಯಲ್ಲಿನ ತಾಮ್ರವು ಉಕ್ಕಿನ ಕಣಗಳ ನಡುವೆ ನುಸುಳಿ ಹೊಸ ಬಿರುಕನ್ನು ಹುಟ್ಟಿಸುತ್ತದೆ. ಹಿತ್ತಾಳೆಯ ಸಂದಿಗೆ ಹಿತ್ತಾಳೆಯೇ ಮದ್ದು.

ಎರಡನೆಯದಾಗಿ, ಬಿರುಕಿನ ಮೇಲೆ ಬರಿದೇ ಲೋಹ ತುಂಬಿದರೆ ಬಿರುಕು ಒಳಗೊಳಗೇ ಮುಂದುವರಿಯುತ್ತದೆ. ಬಿರುಕಿನ ಎರಡೂ ತುದಿಗಳಿಗೆ ಸಣ್ಣ ರಂಧ್ರ ಕೊರೆದು, ಕೊಳವೆಯ ಮೇಲೆ ಅಥವಾ ಒಳಗೆ ಅಳತೆಗೆ ಸರಿಯಾದ ತೋಳನ್ನು ಕೂರಿಸಿ ಹಿತ್ತಾಳೆ ಹರಿಸುವುದು ಬಾಳಿಕೆಯ ಕ್ರಮ. ಎರಡೂ ತುದಿ ಮುಚ್ಚಿದ ಕೊಳವೆಯನ್ನು ಕಾಯಿಸುವ ಮೊದಲು ಒಳಗಿನ ಗಾಳಿ ಹೊರಬರಲು ಒಂದು ಸಣ್ಣ ರಂಧ್ರ ಇರಲೇಬೇಕು.

ಮೂರನೆಯದಾಗಿ, ಮುಂದಿನ ಫೋರ್ಕ್ ಮುರಿದಿದ್ದರೆ ದುರಸ್ತಿ ಮಾಡದೆ ಹೊಸದನ್ನೇ ಹಾಕಬೇಕು. ಹಿಂಭಾಗ ಮುರಿದರೆ ಸವಾರನಿಗೆ ಸದ್ದಿನ ಸೂಚನೆ ಸಿಗುತ್ತದೆ. ಮುಂಭಾಗ ಮುರಿದರೆ ಸೂಚನೆಗೆ ಸಮಯವೇ ಇರುವುದಿಲ್ಲ.

ನಾಲ್ಕನೆಯದಾಗಿ, ಸತುವಿನ ಲೇಪವಿರುವ ಜಿ.ಐ. ಪೈಪನ್ನು ಕಾಯಿಸಿದಾಗ, ಹಿತ್ತಾಳೆಯನ್ನು ಅತಿಯಾಗಿ ಕಾಯಿಸಿದಾಗಲೂ ಬಿಳಿ ಹೊಗೆ ಏಳುತ್ತದೆ. ಅದನ್ನು ಉಸಿರಾಡಿದ ಕೆಲಸಗಾರನಿಗೆ ಅಂದೇ ಸಂಜೆ ಚಳಿಜ್ವರ ಬರುವುದುಂಟು. ಕ್ಯಾಡ್ಮಿಯಂ ಬೆರೆತ ಬೆಳ್ಳಿ ಕಡ್ಡಿಯ ಹೊಗೆ ಪ್ರಾಣಾಂತಕವಾಗಬಲ್ಲದು. ಕ್ಯಾಡ್ಮಿಯಂ ರಹಿತ ಕಡ್ಡಿಯನ್ನೇ ಕೇಳಿ ಪಡೆಯಬೇಕು.

ಕಾನೂನಿನ ದೃಷ್ಟಿಯಿಂದಲೂ ಇದು ಉಪೇಕ್ಷಿಸುವ ವಿಷಯವಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ದೋಷಯುಕ್ತ ವಸ್ತುವಿನಿಂದ ಆದ ಹಾನಿಗೆ ತಯಾರಕನನ್ನು ಮಾತ್ರವಲ್ಲದೆ, ಮಾರಾಟಗಾರನನ್ನೂ ದುರಸ್ತಿ ಸೇವೆ ನೀಡಿದವನನ್ನೂ ಹೊಣೆಗಾರರನ್ನಾಗಿ ಮಾಡಲು ಅವಕಾಶ ಕಲ್ಪಿಸಿದೆ. ವಸ್ತುವಿನ ಬಿಡಿಭಾಗಗಳನ್ನು ಜೋಡಿಸುವಾಗ ಅಥವಾ ಪರಿಶೀಲಿಸುವಾಗ ಯುಕ್ತ ಎಚ್ಚರಿಕೆ ವಹಿಸದ ಮಾರಾಟಗಾರನೂ ಹೊಣೆಯಾಗುತ್ತಾನೆ. ಸೈಕಲ್ಲುಗಳು ಅಂಗಡಿಗೆ ಬಿಡಿಭಾಗಗಳಾಗಿ ಬಂದು ಇಲ್ಲಿಯೇ ಜೋಡಣೆಯಾಗುವುದರಿಂದ ವರ್ತಕರು ಈ ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಚೌಕಟ್ಟಿಗೆ ಭಾರತೀಯ ಮಾನಕ ಬ್ಯೂರೋದ ಐ.ಎಸ್. 623, ಸೈಕಲ್ ಕೊಳವೆಗೆ ಐ.ಎಸ್. 2039 ಮಾನಕಗಳಿವೆ. ಖರೀದಿ ಆದೇಶದಲ್ಲಿ ಈ ಸಂಖ್ಯೆಗಳನ್ನು ಬರೆಯುವುದಕ್ಕೆ ಖರ್ಚಿಲ್ಲ. ಬರೆಯದಿದ್ದರೆ ತಕರಾರಿನ ದಿನ ಆಧಾರವಿಲ್ಲ.

ವೆಚ್ಚದ ಲೆಕ್ಕ

ಅನೇಕ ಸಣ್ಣ ಘಟಕಗಳು ಬೆಸುಗೆಯ ವೆಚ್ಚವೆಂದರೆ ರಾಡು ಮತ್ತು ಕೂಲಿ ಎಂದಷ್ಟೇ ಬರೆದಿಡುತ್ತವೆ. ವಾಸ್ತವದಲ್ಲಿ ಪ್ರತಿ ಸಂದಿಗೆ ತಗಲುವ ವೆಚ್ಚದಲ್ಲಿ ಆರು ಭಾಗಗಳಿವೆ: ಕೊಳವೆಯ ತುದಿಯನ್ನು ಸಿದ್ಧಪಡಿಸುವ ಸಮಯ, ಲಗ್ ಅಥವಾ ತೋಳು, ತುಂಬುವ ಲೋಹ ಮತ್ತು ಫ್ಲಕ್ಸ್, ಅನಿಲ ಅಥವಾ ವಿದ್ಯುತ್, ಬೆಸುಗೆಯ ನಂತರದ ಶುಚಿಗೊಳಿಸುವಿಕೆ, ಕೊನೆಯದಾಗಿ ತಿರಸ್ಕೃತ ಮಾಲಿನ ನಷ್ಟ. ಬ್ರೇಜಿಂಗಿನಲ್ಲಿ ಗಾಜಿನಂತೆ ಅಂಟಿಕೊಳ್ಳುವ ಫ್ಲಕ್ಸನ್ನು ಬಿಸಿನೀರಿನಲ್ಲಿ ನೆನೆಸಿ ತೆಗೆಯುವ ಸಮಯವನ್ನು ಬಹುತೇಕರು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಮಿಗ್ ಬೆಸುಗೆಯಲ್ಲಿ ಸಿಡಿದ ಹನಿಗಳನ್ನು ಅರೆದು ತೆಗೆಯುವ ಕೂಲಿಯೂ ಹೀಗೆಯೇ ಮರೆಯಾಗುತ್ತದೆ.

ಹೊಸ ಯಂತ್ರ ಕೊಳ್ಳುವ ವಿಚಾರವನ್ನು ಒಂದು ಕಾಲ್ಪನಿಕ ಉದಾಹರಣೆಯಿಂದ ನೋಡಬಹುದು. ಮಿಗ್ ಯಂತ್ರ, ಅನಿಲ ಸಿಲಿಂಡರ್ ಠೇವಣಿ, ಜಿಗ್ ಇವೆಲ್ಲ ಸೇರಿ 1,20,000 ರೂಪಾಯಿ. ಬಾಳಿಕೆ ಐದು ವರ್ಷ. ಸಾಲದ ಬಡ್ಡಿ ಶೇಕಡಾ 12 ಎಂದು ಭಾವಿಸಿದರೆ ಮೊದಲ ವರ್ಷದ ಸವಕಳಿ 24,000, ಬಡ್ಡಿ 14,400, ಒಟ್ಟು 38,400 ರೂಪಾಯಿ. ಬ್ರೇಜಿಂಗಿಗೆ ಹೋಲಿಸಿದರೆ ಪ್ರತಿ ಚೌಕಟ್ಟಿಗೆ 40 ರೂಪಾಯಿ ಉಳಿಯುವುದಾದರೆ, ವರ್ಷಕ್ಕೆ 960 ಚೌಕಟ್ಟುಗಳು, ಅಂದರೆ ತಿಂಗಳಿಗೆ 80 ಚೌಕಟ್ಟುಗಳು ಹೊರಟಾಗ ಮಾತ್ರ ಯಂತ್ರ ತನ್ನ ಖರ್ಚನ್ನು ತಾನು ದುಡಿಯುತ್ತದೆ. ಈ ಅಂಕಿಗಳು ಲೆಕ್ಕದ ಕ್ರಮವನ್ನು ತೋರಿಸಲು ಮಾತ್ರ. ಪ್ರತಿಯೊಬ್ಬರೂ ತಮ್ಮ ಘಟಕದ ಅಂಕಿಗಳನ್ನು ಈ ಜಾಗದಲ್ಲಿ ಇಟ್ಟು ನೋಡಬೇಕು. ಒಂದು ಟೆಂಡರಿನ ಆಸೆಯಿಂದ ಕೊಂಡ ಯಂತ್ರವು ಟೆಂಡರ್ ಮುಗಿದ ಮೇಲೆ ಮೂಲೆಯಲ್ಲಿ ನಿಂತರೂ ಬಡ್ಡಿ ನಿಲ್ಲುವುದಿಲ್ಲ.

ತೆರಿಗೆಯ ಮುಖ

ಜೋಡಣೆಯ ವಿಧಾನಕ್ಕೂ ಸರಕು ಮತ್ತು ಸೇವಾ ತೆರಿಗೆಗೂ ಇರುವ ಸಂಬಂಧ ಮೇಲ್ನೋಟಕ್ಕೆ ಕಾಣುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ಲು ಮತ್ತು ಅದರ ಬಿಡಿಭಾಗಗಳ ಮೇಲಿನ ತೆರಿಗೆ ಶೇಕಡಾ 12ರಿಂದ 5ಕ್ಕೆ ಇಳಿಯಿತು. ಗ್ರಾಹಕರಿಗೆ ಇದು ಸಂತಸದ ಸಂಗತಿ. ಆದರೆ ತಯಾರಕನು ಕೊಳ್ಳುವ ಉಕ್ಕಿನ ಕೊಳವೆಯ ಮೇಲಿನ ತೆರಿಗೆ ಶೇಕಡಾ 18ರಲ್ಲಿಯೇ ಉಳಿಯಿತು. ಕೊಂಡದ್ದರ ಮೇಲೆ ಹೆಚ್ಚು, ಮಾರಿದ್ದರ ಮೇಲೆ ಕಡಿಮೆ ತೆರಿಗೆಯಾದಾಗ ಹೂಡುವಳಿ ತೆರಿಗೆಯ ಜಮೆ ಖಾತೆಯಲ್ಲಿ ಬೆಳೆಯುತ್ತಲೇ ಹೋಗುತ್ತದೆ. ಶೇಕಡಾ 18ರ ಖರೀದಿಯು ಮಾರಾಟ ಬೆಲೆಯ ಸುಮಾರು ಶೇಕಡಾ 28ನ್ನು ಮೀರಿದ ಕೂಡಲೇ ಹಣ ಸಿಕ್ಕಿಬೀಳಲು ಆರಂಭಿಸುತ್ತದೆ.

ಕೇಂದ್ರ ಜಿ.ಎಸ್.ಟಿ. ಕಾಯ್ದೆಯ ಕಲಂ 54(3) ಹಾಗೂ ನಿಯಮ 89(5)ರ ಅನ್ವಯ ಈ ಹಣದ ಮರುಪಾವತಿ ಪಡೆಯಬಹುದು. ಆದರೆ ಮರುಪಾವತಿ ದೊರೆಯುವುದು ಸರಕಿನ ರೂಪದ ಹೂಡುವಳಿಗೆ ಮಾತ್ರ. ಸೇವೆಗಳ ಮೇಲಿನ ತೆರಿಗೆಗೂ ಯಂತ್ರದಂತಹ ಬಂಡವಾಳ ಸರಕಿನ ಮೇಲಿನ ತೆರಿಗೆಗೂ ಇಲ್ಲ. ಇಲ್ಲಿಯೇ ವಿಧಾನದ ಆಯ್ಕೆ ಮುಖ್ಯವಾಗುವುದು. ಹಿತ್ತಾಳೆ ಕಡ್ಡಿ, ಫ್ಲಕ್ಸ್, ಅನಿಲ ಇವು ಸರಕುಗಳು. ಅವುಗಳ ತೆರಿಗೆ ಮರುಪಾವತಿಯ ಲೆಕ್ಕಕ್ಕೆ ಸೇರುತ್ತದೆ. ಬೆಸುಗೆ ಯಂತ್ರದ ತೆರಿಗೆ ಖಾತೆಯಲ್ಲಿ ಜಮೆಯಾದರೂ ಮರಳಿ ಕೈಗೆ ಬರುವುದಿಲ್ಲ. ವಿದ್ಯುತ್ತಿನ ಮೇಲೆ ಜಿ.ಎಸ್.ಟಿ.ಯೇ ಇಲ್ಲದಿರುವುದರಿಂದ ಅಲ್ಲಿ ಜಮೆಯ ಪ್ರಶ್ನೆಯಿಲ್ಲ. ಬೆಸುಗೆಯನ್ನು ಹೊರಗಿನ ನೋಂದಾಯಿತ ಘಟಕಕ್ಕೆ ಜಾಬ್ ವರ್ಕ್ ಕೊಟ್ಟರೆ ಆ ತೆರಿಗೆ ಸೇವೆಯ ಮೇಲಿನದಾದ್ದರಿಂದ ಅದೂ ಮರುಪಾವತಿಗೆ ಸೇರದು.

ಒಂದು ತಿಂಗಳ ಉದಾಹರಣೆ: ಚೌಕಟ್ಟುಗಳ ಮಾರಾಟ 1,00,000 ರೂಪಾಯಿ, ಅದರ ಮೇಲಿನ ತೆರಿಗೆ 5,000. ಕೊಳವೆ ಮುಂತಾದ ಸರಕಿನ ಮೇಲೆ ತೆತ್ತ ತೆರಿಗೆ 9,000. ಸೇವೆಗಳ ಮೇಲೆ ತೆತ್ತದ್ದು 1,000. ನಿಯಮದ ಸೂತ್ರದಂತೆ 5,000ದ ಹತ್ತರಲ್ಲಿ ಒಂಬತ್ತು ಭಾಗವನ್ನು, ಅಂದರೆ 4,500ನ್ನು 9,000ದಲ್ಲಿ ಕಳೆದರೆ ದೊರೆಯುವ ಗರಿಷ್ಠ ಮರುಪಾವತಿ 4,500 ರೂಪಾಯಿ. ವರ್ಷಕ್ಕೆ 54,000 ರೂಪಾಯಿ ಸಣ್ಣ ಘಟಕಕ್ಕೆ ಸಣ್ಣ ಮೊತ್ತವಲ್ಲ. ಅರ್ಜಿಗೆ ಎರಡು ವರ್ಷಗಳ ಕಾಲಮಿತಿಯಿದೆ. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಹೂಡುವಳಿ ಜಮೆಯೂ ಇಲ್ಲ, ಮರುಪಾವತಿಯೂ ಇಲ್ಲ. ಕೊಳವೆಯ ಮೇಲೆ ತೆತ್ತ ಪೂರ್ಣ ತೆರಿಗೆ ಅವರ ವೆಚ್ಚವೇ ಆಗುತ್ತದೆ. ಕೊಳವೆಯನ್ನು ಜಾಬ್ ವರ್ಕಿಗೆ ಕಳುಹಿಸುವವರು ಕಲಂ 143ರಂತೆ ಚಲನ್ ಇಟ್ಟುಕೊಂಡು ಒಂದು ವರ್ಷದೊಳಗೆ ಮಾಲನ್ನು ಮರಳಿ ಪಡೆಯಬೇಕು. ಇಲ್ಲದಿದ್ದರೆ ಕಳುಹಿಸಿದ ದಿನವೇ ಮಾರಾಟವಾಯಿತೆಂದು ಕಾನೂನು ಭಾವಿಸುತ್ತದೆ.

ಈ ಭಾಗಕ್ಕೆ ಒಪ್ಪುವ ದಾರಿ

ಯಾದಗಿರಿ ಜಿಲ್ಲೆಯ ಕಡೇಚೂರಿನಲ್ಲಿ ರೈಲ್ವೆಯ ಬೋಗಿ ಚೌಕಟ್ಟು ಕಾರ್ಖಾನೆ ಬಂದ ಮೇಲೆ, ಉಕ್ಕಿನ ಬೆಸುಗೆಯೆಂಬುದು ಕೇವಲ ಗೇಟು-ಗ್ರಿಲ್ಲುಗಳ ಕೆಲಸವಲ್ಲವೆಂಬ ಅರಿವು ಇಲ್ಲಿನ ಯುವಕರಲ್ಲಿ ಮೂಡಲು ಅವಕಾಶವಾಗಿದೆ. ಐ.ಟಿ.ಐ.ಗಳ ವೆಲ್ಡರ್ ತರಬೇತಿ ಒಂದು ವರ್ಷದ್ದು. ಅಲ್ಲಿಂದ ಹೊರಬಂದವನಿಗೆ ಆರ್ಕ್ ಜೊತೆಗೆ ಬ್ರೇಜಿಂಗಿನ ಕೈಚಳಕವೂ ಇದ್ದರೆ ಹತ್ತಿಕುಣಿಯಂತಹ ಊರಿನಲ್ಲಿಯೇ ಸೈಕಲ್, ಎಡೆಕುಂಟೆ, ತ್ರಿಚಕ್ರ ಗಾಡಿಗಳ ದುರಸ್ತಿಯಿಂದ ಜೀವನೋಪಾಯ ಸಾಧ್ಯ.

ಸಾರಾಂಶವಾಗಿ ಹೇಳುವುದಾದರೆ, ತಿಂಗಳಿಗೆ ಕೆಲವೇ ಗಾಡಿಗಳನ್ನು ತಯಾರಿಸುವವರಿಗೂ ದುರಸ್ತಿ ಅಂಗಡಿಗಳಿಗೂ ಹಿತ್ತಾಳೆ ಬ್ರೇಜಿಂಗ್ ಸೂಕ್ತ: ಬಂಡವಾಳ ಕಡಿಮೆ, ಸಂದು ಬಿಚ್ಚಿ ಮತ್ತೆ ಕೂಡಿಸಬಹುದು, ಸಾಮಗ್ರಿಯ ತೆರಿಗೆ ಮರುಪಾವತಿಗೆ ಅರ್ಹ. ದಪ್ಪ ಕೊಳವೆಯ, ನಿರಂತರ ಬೇಡಿಕೆಯ ಮಾಲಿಗೆ ಮಿಗ್ ಸೂಕ್ತ, ಆದರೆ ಯಂತ್ರದ ಬಡ್ಡಿಯನ್ನು ದುಡಿಯುವಷ್ಟು ಸಂಖ್ಯೆ ಇರಬೇಕು. ತೆಳು ಮಿಶ್ರಲೋಹಕ್ಕೂ ಸ್ಟೇನ್‌ಲೆಸ್ ಉಕ್ಕಿಗೂ ಟಿಗ್ ಸೂಕ್ತ, ಆದರೆ ಮೊದಲು ಗ್ರಾಹಕ, ನಂತರ ಯಂತ್ರ. ಉದ್ದಿಮೆದಾರರು ಈ ಸಾಲಿನ ಲೆಕ್ಕಪತ್ರ ಮುಗಿಸುವ ಮುನ್ನ ತಮ್ಮ ವೆಚ್ಚದ ಪುಸ್ತಕದಲ್ಲಿ ‘ಪ್ರತಿ ಸಂದಿನ ವೆಚ್ಚ’ ಎಂಬ ಒಂದು ಅಂಕಣವನ್ನು ತೆರೆಯಲಿ. ಅಂಗಡಿಕಾರರು ದುರಸ್ತಿಯ ರಸೀದಿಯಲ್ಲಿ ಯಾವ ಸಂದನ್ನು ಯಾವ ವಿಧಾನದಿಂದ ಜೋಡಿಸಲಾಯಿತು ಎಂಬ ಒಂದು ಸಾಲನ್ನು ಬರೆಯಲಿ. ಆ ಒಂದು ಸಾಲು ಬರೆಯಬೇಕಾದವನು ಕೈಗೆ ಸಿಕ್ಕ ರಾಡನ್ನು ಹಿಡಿಯುವ ಮೊದಲು ಒಂದು ಕ್ಷಣ ಯೋಚಿಸುತ್ತಾನೆ.